ಎಷ್ಟು ಸುರಿದರೂ ತುಂಬದ ಬಾವಿ

ಅವಳ ಕೊಟ್ಟಿಗೆಯ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು ಎಂದು ಯಾರೋ ಒಮ್ಮೆ ತಮಾಷೆ ಮಾಡಿದ್ದರು. ಹೇಳಿದವರು ಮರೆತರು, ಅವಳು ಮರೆಯಲಿಲ್ಲ. ಬಂದವರಿಗೆಲ್ಲ ಆ ಮಾತನ್ನು ಹೇಳಿ ಹೇಳಿ, ಕೊನೆಗೆ ಕೊಟ್ಟಿಗೆ ಬೀದಿಯವರು ಅವಳನ್ನು ಕನ್ನಡಿಯಕ್ಕ ಎಂದೇ ಕರೆಯತೊಡಗಿದರು. ಹೆತ್ತವರಿಟ್ಟ ಹೆಸರು ಗಂಡನಿಗಾದರೂ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ. ಅವನು ಮದುವೆಯಾದಂದಿನಿಂದ ಅವಳನ್ನು 'ಏನೇ' ಎಂದು ಕರೆದವನೇ ಹೊರತು ಬೇರೆ ಹೆಸರು ಹಿಡಿದವನಲ್ಲ.

ಬೆಳಿಗ್ಗೆ ಹಾಲು ಕರೆದು ಮುಗಿಸಿ ಅವಳು ಪೈಪು ಹಿಡಿದು ನಿಂತಳೆಂದರೆ ಅದೊಂದು ನೋಟ. ಮೊದಮೊದಲು ಬೀದಿಯ ಉಳಿದವರು ಸಲಿಕೆಯಲ್ಲಿ ಸಗಣಿ ಬಾಚಿ, ಬುಟ್ಟಿಗೆ ತುಂಬಿ, ತಿಪ್ಪೆಗೆ ಹೊತ್ತು ಹಾಕುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಕೂತುಬಿಡುತ್ತಿದ್ದರು. ಕನ್ನಡಿಯಕ್ಕನಿಗೆ ಸಲಿಕೆ ಎಂದರೆ ಸೋಮಾರಿಗಳ ಉಪಾಯ. ಸಗಣಿ, ಗಂಜಲ, ತಿಂದು ಬಿಟ್ಟ ಹಿಂಡಿ, ತುಳಿದ ಹುಲ್ಲು ಎಲ್ಲವೂ ಅವಳ ಪೈಪಿನ ಹೊಡೆತಕ್ಕೆ ಬಾಲ ಮುದುರಿಕೊಂಡು ಮೋರಿ ಸೇರುತ್ತಿದ್ದವು. ಆಮೇಲೆ ಫಿನಾಯಿಲು. ಅದಕ್ಕೆ ಅವಳು ನಿಂಬೆಹುಲ್ಲಿನ ಎಣ್ಣೆ ತಾನೇ ಬೆರೆಸುತ್ತಿದ್ದಳು. ಆ ಹದ ಇನ್ನಾರಿಗೂ ಗೊತ್ತಿರಲಿಲ್ಲ, ಕೇಳಿದರೆ ಹೇಳುತ್ತಲೂ ಇರಲಿಲ್ಲ. ಕೊಟ್ಟಿಗೆಯಷ್ಟೇ ಅಲ್ಲ, ಅವಳ ಬಟ್ಟೆ, ಕೈ, ಕೂದಲಿಗೂ ಅದೇ ವಾಸನೆ. ಅವಳು ಬೀದಿಯ ತಿರುವಿನಲ್ಲಿದ್ದಾಳೆ ಎನ್ನುವುದು ಜನರ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತಿತ್ತು.

ಅವಳ ಇನ್ನೊಂದು ಹೆಮ್ಮೆ ಹಾಲು. ಹಾಲಿಗೆ ಒಂದು ಹನಿ ನೀರು ಬೆರೆಸಿದವಳಲ್ಲ. "ನೀರು ಬೇಕಾದ್ರೆ ನಿಮ್ಮ ಮನೆಯಲ್ಲೇ ಹಾಕ್ಕೊಳ್ಳಿ, ನನ್ನ ಕೈಯಿಂದ ಆ ಪಾಪ ಮಾಡಿಸ್ಬೇಡಿ" ಎಂದು ಕೊಳ್ಳುವವರ ಮುಖಕ್ಕೇ ಹೇಳುತ್ತಿದ್ದಳು. ಇಷ್ಟು ಶುಚಿಯಾದ ಹೆಂಗಸು ಇಡೀ ಒಂದು ಬೀದಿಯ ಕುಡಿಯುವ ನೀರನ್ನು ಹೇಗೆ ಹಾಳು ಮಾಡಿದಳು ಎನ್ನುವುದೇ ಈಗ ಹೇಳಬೇಕಾದ ಕತೆ. ಹೇಳಲು ನಮಗೇ ನಾಚಿಕೆಯಾಗುತ್ತದೆ. ಅವಳಿಗೆ ಹೇಗಾಗಿರಬೇಕು ನೋಡಿ.

ಈಗ ಕೊಟ್ಟಿಗೆ ಬೀದಿಯಿರುವ ದಿಬ್ಬದ ಮೇಲೆ ಮೊದಲು ಕೊಟ್ಟಿಗೆಗಳೇ ಇರಲಿಲ್ಲ, ಹುಲ್ಲಿತ್ತು. ಅವಳು ಮದುವೆಯಾಗಿ ಬಂದಾಗ ಅತ್ತೆಯ ಮನೆಯಲ್ಲಿದ್ದದ್ದು ಒಂದೇ ಹಸು. ಅದು ಬೆಳಿಗ್ಗೆ ಹೋಗಿ ದಿಬ್ಬವೆಲ್ಲ ಮೇಯ್ದು, ಹೋದಲ್ಲೆಲ್ಲ ಸಗಣಿ ಹಾಕಿ, ಸಂಜೆ ತಾನೇ ಮನೆಗೆ ಬರುತ್ತಿತ್ತು. ಹಾಕಿದ ಸಗಣಿಯನ್ನು ಮಣ್ಣು ತಿನ್ನುತ್ತಿತ್ತು, ಮಣ್ಣು ಕೊಟ್ಟ ಹುಲ್ಲನ್ನು ಹಸು ತಿನ್ನುತ್ತಿತ್ತು. ಪಟ್ಟಣ ಬೆಳೆಯಿತು, ಪಟ್ಟಣಕ್ಕೆ ಹಾಲು ಬೇಕಾಯಿತು. ಹೆಚ್ಚು ಹಾಲು ಕೊಡುವ ದೊಡ್ಡ ಮೈಯ ಹಸುಗಳು ಲಾರಿಯಲ್ಲಿ ಬಂದವು. ಅವಕ್ಕೆ ದಿಬ್ಬ ಹತ್ತುವ ಕಾಲಿರಲಿಲ್ಲ. ನಿಂತಲ್ಲೇ ತಿನ್ನಬೇಕು, ನಿಂತಲ್ಲೇ ಹಾಕಬೇಕು. ಮೇವೂ ಎಲ್ಲಿಂದಲೋ ಲಾರಿಯಲ್ಲೇ ಬರತೊಡಗಿತು. ಹುಲ್ಲಿದ್ದ ಜಾಗದಲ್ಲಿ ತಗಡಿನ ಮಾಡುಗಳೆದ್ದವು. ಮೇವು ಬಂದ ಊರಿಗೆ ಸಗಣಿಯನ್ನು ವಾಪಸು ಕಳಿಸುವವರು ಯಾರೂ ಇರಲಿಲ್ಲ, ಎಲ್ಲವೂ ಆ ದಿಬ್ಬದ ಮೇಲೆಯೇ ಉಳಿಯಿತು. ಒಮ್ಮೆ ರೇಡಿಯೋದಲ್ಲಿ ಯಾರೋ ದನ ತೇಗಿದರೆ ಲೋಕ ಬಿಸಿಯಾಗುತ್ತದೆ ಎಂದಾಗ ಕನ್ನಡಿಯಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಹಾಗಾದ್ರೆ ಮೊದಲು ನಮ್ಮ ಯಜಮಾನರ ಬಾಯಿಗೆ ಬಟ್ಟೆ ಕಟ್ಬೇಕು" ಎಂದಿದ್ದಳು.

ಮೋರಿಯ ಕೊಳೆ ಬೀದಿಗೆ ಹರಿದು, ಬೀದಿಯವರು ಮೂಗು ಮುಚ್ಚಿ, ಪಟ್ಟಣದ ಕಚೇರಿಯವರು ಬಂದು ಕೊಟ್ಟಿಗೆಗಳನ್ನೇ ಎತ್ತಿಸುತ್ತೇವೆ ಎಂದು ಹೆದರಿಸಿದಾಗ ದಾರಿ ತೋರಿಸಿದವಳು ಇವಳೇ. ಅವಳ ಕೊಟ್ಟಿಗೆಯ ಹಿಂದೆ ಒಂದು ಹಾಳುಬಾವಿಯಿತ್ತು. ಅತ್ತೆಯ ಕಾಲದಲ್ಲೇ ನೀರು ಬತ್ತಿದ್ದ ಬಾವಿ, ತಳದಲ್ಲಿ ಬರೀ ಬಂಡೆ. ಅವಳು ತನ್ನ ಮೋರಿಯನ್ನು ಅದಕ್ಕೆ ತಿರುಗಿಸಿ ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿಸಿದಳು. ಇವತ್ತು ತುಂಬೀತು, ನಾಳೆ ತುಂಬೀತು ಎಂದು ಎಲ್ಲರೂ ನೋಡಿದರು. ತುಂಬಲಿಲ್ಲ. ಆಮೇಲೆ ಪಕ್ಕದವರು ತಮ್ಮ ಮೋರಿಯನ್ನೂ ಸೇರಿಸಲೇ ಎಂದು ಕೇಳಿದರು. ಅವಳು ಉದಾರವಾಗಿ ಹೂಂ ಎಂದಳು. ನೋಡುತ್ತಾ ನೋಡುತ್ತಾ ಎಲ್ಲರೂ ಸಲಿಕೆ ಬಿಟ್ಟು ಪೈಪು ಹಿಡಿದರು, ಇಡೀ ಕೊಟ್ಟಿಗೆ ಸಾಲಿನ ಕೊಳೆ ಆ ಬಾವಿಗೆ ಬಿತ್ತು. ಆಗಲೂ ತುಂಬಲಿಲ್ಲ. "ನಮ್ಮ ಬಾವಿಗೆ ಬಕಾಸುರನ ಹೊಟ್ಟೆ" ಎಂದು ಅವಳು ಹೆಮ್ಮೆಪಟ್ಟಳು. ಕಚೇರಿಯವರು ಬಂದು ಒಣಗಿದ ಬೀದಿ ನೋಡಿ, ಅವಳ ಕೊಟ್ಟಿಗೆಯನ್ನು ಮಾದರಿ ಎಂದು ಹೊಗಳಿ, ಟೀ ಕುಡಿದು ಹೋದರು. ಹೊಟ್ಟೆಗೆ ಹೋದದ್ದು ಎಲ್ಲಿಗೆ ಹೋಗುತ್ತದೆ ಎಂದು ಬೀದಿಯಲ್ಲಿ ಒಬ್ಬರೂ ಕೇಳಲಿಲ್ಲ. ಕಣ್ಣಿಗೆ ಕಾಣದ್ದು ಇಲ್ಲ ಎಂದೇ ನಮ್ಮೆಲ್ಲರ ಲೆಕ್ಕ.

ಅವಳ ಒಬ್ಬಳೇ ಮಗಳನ್ನು ಕೊಟ್ಟದ್ದು ದೂರಕ್ಕಲ್ಲ, ದಿಬ್ಬದ ಕೆಳಗಿನ ತಗ್ಗಿನ ಬೀದಿಗೇ. ಅಳಿಯ ಬಡಗಿ, ಮಾತು ಕಡಿಮೆ, ಕೆಲಸ ಚೊಕ್ಕ. ಅವನ ತಾಯಿ ಮನೆಯಲ್ಲಿ ಕೂತು ಗೋಣಿಚೀಲ ಹೊಲಿಯುವವಳು. ಹರಿದ ಚೀಲಗಳ ರಾಶಿ, ನಾರು, ಧೂಳು, ದಬ್ಬಳ ಇವುಗಳ ನಡುವೆಯೇ ಅವಳ ಸಂಸಾರ. ಅಂಗಳದಲ್ಲಿ ಒಂದು ಬಾವಿ, ಬಾವಿಯ ಪಕ್ಕ ಕಟ್ಟಿಹಾಕಿದ ಒಂದು ಮುದಿ ಆಡು. ಅಕ್ಕಪಕ್ಕದ ಮನೆಯವರೂ ಅದೇ ಬಾವಿಯಿಂದ ನೀರು ಸೇದುತ್ತಿದ್ದರು. ಕನ್ನಡಿಯಕ್ಕ ಬೀಗಿತ್ತಿಯ ಮನೆಗೆ ಹೋದಾಗಲೆಲ್ಲ ಕೂರಲು ಕೊಟ್ಟ ಸ್ಟೂಲನ್ನು ಅವಳೆದುರಿಗೇ ಬಟ್ಟೆಯಿಂದ ಒರೆಸಿ ಕೂರುತ್ತಿದ್ದಳು. ಒಮ್ಮೆಯಲ್ಲ, ಪ್ರತಿ ಸಲ. ಬೀಗಿತ್ತಿ ಅದನ್ನು ನೋಡಿಯೂ ನೋಡದವಳ ಹಾಗೆ ದಬ್ಬಳಕ್ಕೆ ದಾರ ಪೋಣಿಸುತ್ತಿದ್ದಳು.

ಮಗಳು ಹೆತ್ತಳು. ಹೆಣ್ಣುಮಗು. ತಾಯಿಗೆ ಎದೆಹಾಲು ಸಾಲಲಿಲ್ಲ. ಕನ್ನಡಿಯಕ್ಕನಿಗೆ ಇದಕ್ಕಿಂತ ಬೇರೆ ಸಂದರ್ಭ ಬೇಕೇ? ದಿನಾ ಬೆಳಿಗ್ಗೆ ತನ್ನ ಕೊಟ್ಟಿಗೆಯ ಅತಿ ಒಳ್ಳೆಯ ಹಸುವಿನ ಹಾಲನ್ನು ಬೇರೆಯೇ ಪಾತ್ರೆಯಲ್ಲಿ ಕರೆದು ಕಳಿಸತೊಡಗಿದಳು. ಹಸುವಿನ ಹಾಲು ಎಳೆಮಗುವಿಗೆ ಭಾರವಾಗುತ್ತದೆ, ಅರ್ಧಕ್ಕರ್ಧ ನೀರು ಬೆರೆಸಬೇಕು ಎಂದು ಅವಳೇ ಹೇಳಿಕೊಟ್ಟಳು. ಬೀಗಿತ್ತಿ ಬಾವಿಯ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಶೋಧಿಸಿ ಬೆರೆಸುತ್ತಿದ್ದಳು.

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಮಗಳು ಮಗುವನ್ನು ಎತ್ತಿಕೊಂಡು ದಿಬ್ಬ ಹತ್ತಿ ಓಡಿಬಂದಳು. ಮಗುವಿನ ತುಟಿ ನೀಲಿಗಟ್ಟಿತ್ತು. ಉಗುರುಗಳಿಗೂ ಬೂದಿಬಣ್ಣ. ಅಳಲು ಬಾಯಿ ತೆರೆಯುತ್ತಿತ್ತು, ಅಳು ಬರುತ್ತಿರಲಿಲ್ಲ. ಕನ್ನಡಿಯಕ್ಕನ ಗಂಡ ಹಾಲಿನ ಕ್ಯಾನುಗಳನ್ನು ರಸ್ತೆಯಲ್ಲೇ ಇಳಿಸಿ, ಅದೇ ಗಾಡಿಯಲ್ಲಿ ತಾಯಿ ಮಗುವನ್ನು ಆಸ್ಪತ್ರೆಗೆ ಒಯ್ದ. ಕನ್ನಡಿಯಕ್ಕ ಹಿಂದೆ, ಬೀಗಿತ್ತಿ ಅವಳ ಹಿಂದೆ, ಮಂಡಿನೋವಿನ ಕಾಲೆಳೆದುಕೊಂಡು.

ಡಾಕ್ಟರಮ್ಮ ಮಗುವಿನ ರಕ್ತ ತೆಗೆದಾಗ ಅದು ಕೆಂಪಗಿರಲಿಲ್ಲ, ಕಂದುಬಣ್ಣಕ್ಕಿತ್ತು. ನೀಲಿಗಟ್ಟಿದ ಮಗುವಿಗೆ ನೀಲಿ ಬಣ್ಣದ್ದೇ ಒಂದು ಔಷಧಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ತುಟಿಗೆ ಬಣ್ಣ ಬಂತು, ಸಂಜೆಗೆ ಅಳುವೂ ಬಂತು. ಆ ಅಳು ಕೇಳಿ ಮಗಳು ಅತ್ತಳು. ಆಮೇಲೆ ಡಾಕ್ಟರಮ್ಮ ಹೊರಗೆ ಬಂದು, "ಮಗುಗೆ ಯಾವ ನೀರು ಕೊಡ್ತೀರಿ?" ಎಂದು ಕೇಳಿದರು.

"ಬಾವಿದು. ಕುದಿಸೇ ಕೊಡ್ತೀನಮ್ಮಾ" ಎಂದಳು ಬೀಗಿತ್ತಿ.

"ನೀರಲ್ಲಿ ವಿಷ ಸೇರಿದೆ. ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಈ ವಿಷ ಸಾಯಲ್ಲ. ನೀರು ಆವಿಯಾಗಿ ಇದು ಇನ್ನೂ ಗಟ್ಟಿಯಾಗುತ್ತೆ. ಸಗಣಿ, ಗಂಜಲ ನೆಲದೊಳಗೆ ಇಳಿದು ಬಾವಿ ಸೇರಿದ್ರೆ ಹೀಗಾಗೋದು. ನೀರು ನೋಡೋಕೆ ತಿಳಿಯಾಗೇ ಇರುತ್ತೆ. ದೊಡ್ಡವರು ಹೇಗೋ ತಡ್ಕೋತಾರೆ, ಎಳೆಮಗುಗೆ ಉಸಿರೇ ಹತ್ತಲ್ಲ. ಬಾವಿ ಹತ್ರ ದನಗಿನ ಕಟ್ಟಿದ್ದೀರಾ?"

"ದನ ಇಲ್ಲಮ್ಮಾ, ಒಂದು ಆಡು…"

ಕನ್ನಡಿಯಕ್ಕನಿಗೆ ಅಷ್ಟೇ ಸಾಕಾಯಿತು. ಆಸ್ಪತ್ರೆಯ ಪಡಸಾಲೆ, ಸುತ್ತ ಹತ್ತಾರು ಜನ, ಒಳಗೆ ಇನ್ನೂ ಸುಸ್ತಾಗಿ ಮಲಗಿದ ಮಗು. ಕನ್ನಡಿಯಕ್ಕನ ಬಾಯಿಗೆ ಬೇಲಿಯೇ ಇರಲಿಲ್ಲ. "ನಾನು ಅವತ್ತೇ ಅಂದ್ಕೊಂಡೆ. ಕುಡಿಯೋ ನೀರಿನ ಬಾಯಲ್ಲಿ ಆಡು ಕಟ್ಟೋರು ಲೋಕದಲ್ಲಿ ಯಾರಾದ್ರೂ ಇದ್ದಾರಾ? ಮನೆಯೆಲ್ಲ ಗೋಣಿ ಧೂಳು, ಅಂಗಳವೆಲ್ಲ ಹಿಕ್ಕೆ. ಹಾಲು ನಂದು, ನೀರು ನಿಮ್ದು ಬೀಗಿತ್ತಿಯವರೇ. ನನ್ನ ಹಾಲಲ್ಲಿ ದೋಷ ಇಲ್ಲ ಅಂತ ಊರಿಗೇ ಗೊತ್ತು. ನಿಮ್ಮ ನೀರು ನನ್ನ ಮೊಮ್ಮಗಳನ್ನ ತಿಂದುಬಿಡ್ತಿತ್ತು!"

"ಅಮ್ಮಾ, ಸಾಕು" ಎಂದಳು ಮಗಳು.

ಬೀಗಿತ್ತಿ ಗೋಡೆಗೊರಗಿ ನಿಂತಿದ್ದಳು. "ನನ್ನ ಮೊಮ್ಮಗಳೂ ಹೌದಲ್ವಾ ಅಕ್ಕಾ" ಎಂದಷ್ಟೇ ಹೇಳಿದಳು. ಮರುದಿನ ಆ ಮುದಿ ಆಡನ್ನು ಯಾರಿಗೋ ಕೊಟ್ಟುಬಿಟ್ಟಳು. ಮಗ ಚಿಕ್ಕವನಾಗಿದ್ದಾಗ ಅವನಿಗೆ ಹಾಲು ಕೊಟ್ಟ ಆಡಿನ ಮರಿಯ ಮರಿ ಅದು ಎಂದು ಕನ್ನಡಿಯಕ್ಕನಿಗೆ ತಿಳಿದದ್ದು ಬಹಳ ಆಮೇಲೆ.

ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಓಡಿಸಲು ಹೋಗುವವರನ್ನು ನಾವೆಲ್ಲ ನೋಡಿದ್ದೇವೆ. ಕನ್ನಡಿಯಕ್ಕ ನೊಣ ತೋರಿಸಿ ಸುಮ್ಮನಾಗಲಿಲ್ಲ, ಓಡಿಸಲು ಆಳನ್ನೂ ಕರೆತಂದಳು. ಮಗಳು ಮೊಮ್ಮಗಳಿಬ್ಬರನ್ನೂ ಆಸ್ಪತ್ರೆಯಿಂದ ನೇರ ದಿಬ್ಬದ ಮೇಲಿನ ತನ್ನ ಮನೆಗೆ ತಂದಿಟ್ಟುಕೊಂಡು, ಬಾವಿ ತೊಳೆಯುವವನನ್ನು ಹಿಡಿದುಕೊಂಡು ತಗ್ಗಿನ ಬೀದಿಗೆ ಇಳಿದಳು. ಬೀಗಿತ್ತಿಯ ಅಂಗಳದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ಕೆಲಸ ಮಾಡಿಸಿದಳು. ಅಕ್ಕಪಕ್ಕದ ಮನೆಗಳ ಹೆಂಗಸರೆಲ್ಲ ಸೇರಿದರು. ಅವಳಿಗೂ ಬೇಕಾದದ್ದು ಅದೇ.

ಅವನು ಪಂಪಿಟ್ಟು ಹಳೆಯ ನೀರನ್ನೆಲ್ಲ ಎತ್ತಿದ. ಹಗ್ಗ ಹಿಡಿದು ಕೆಳಗಿಳಿದು ಕೆಸರು ಬಳಿದ. ಒಂದು ತುಕ್ಕು ಹಿಡಿದ ಚೊಂಬು, ಮಕ್ಕಳ ಚೆಂಡು, ಕಳೆದುಹೋದ ದಬ್ಬಳ ಇಷ್ಟೇ ಸಿಕ್ಕಿದ್ದು. ಕನ್ನಡಿಯಕ್ಕನಿಗೆ ಸ್ವಲ್ಪ ನಿರಾಸೆಯಾಯಿತು, ಸತ್ತ ಇಲಿಯಾದರೂ ಇರಬೇಕಿತ್ತು. ಆಮೇಲೆ ಅವನು ಕೆಳಗಿನಿಂದ ಕೂಗಿದ: "ಸೆಲೆ ಬರ್ತಾ ಇದೆ! ದಿಬ್ಬದ ಕಡೆ ಬಂಡೆ ಬಿರುಕಿಂದ ಚೆನ್ನಾಗಿ ಬರ್ತಾ ಇದೆ! ಹೊಸ ನೀರು, ನೋಡಿ!" ಎಂದು ಒಂದು ಬಕೆಟ್ಟು ತುಂಬಿ ಮೇಲೆ ಕಳಿಸಿದ.

ಬಕೆಟ್ಟನ್ನು ಹಿಡಿದುಕೊಂಡವಳು ಕನ್ನಡಿಯಕ್ಕನೇ. ಕನ್ನಡಿಯಂಥ ನೀರು. ಬಗ್ಗಿ ನೋಡಿದಳು. ಅವಳ ಮುಖ ಕಂಡಿತು, ಜೊತೆಗೇ ಅವಳ ವಾಸನೆಯೂ ಬಂತು. ನಿಂಬೆಹುಲ್ಲು. ತೆಳ್ಳಗೆ, ದೂರದಿಂದ ಬಂದ ಹಾಗೆ, ಆದರೆ ಅದೇ. ಇಷ್ಟು ದಿನ ಹಳೆಯ ನೀರಿನ ಪಾಚಿಯ ವಾಸನೆಯಲ್ಲಿ ಅಡಗಿದ್ದದ್ದು ಈಗ ಎದುರಿಗೆ ಬಂದು ನಿಂತಿತ್ತು. ಅವಳು ತನ್ನ ಕೈ ಮೂಸಿಕೊಂಡಳು, ಬರೀ ಕೈಯ ವಾಸನೆಯಾಗಿರಬಾರದೇ ಎಂದು. ಇನ್ನೊಬ್ಬ ಹೆಂಗಸು ಬಗ್ಗಿ, "ಅಯ್ಯೋ, ಇದೇನಿದು ಸೋಪಿನ ವಾಸನೆ?" ಎಂದಳು. ಮತ್ತೊಬ್ಬಳು, "ಬಾವಿ ಹತ್ರ ಗೋಣಿ ತೊಳೆದಿರ್ತಾರೆ, ಅದೇ ಇಳಿದಿರುತ್ತೆ" ಎಂದು ಬೀಗಿತ್ತಿಯ ಕಡೆ ನೋಡಿದಳು. ಎಲ್ಲರೂ ನೋಡಿದರು.

ಬಕಾಸುರನ ಹೊಟ್ಟೆ ಎಲ್ಲಿ ಖಾಲಿಯಾಗುತ್ತಿತ್ತು ಎಂದು ಕನ್ನಡಿಯಕ್ಕನಿಗೆ ಆ ಕ್ಷಣದಲ್ಲಿ ತಿಳಿದುಹೋಯಿತು. ಬಾಯಿ ತೆರೆಯಬೇಕಾದ ಕ್ಷಣವೂ ಅದೇ. ತೆರೆಯಲಿಲ್ಲ. ಬೀಗಿತ್ತಿಯ ಮೇಲೆ ಬಿದ್ದ ಮಾತನ್ನು ಅಲ್ಲೇ ಬಿಟ್ಟು, ಬಕೆಟ್ಟನ್ನು ಕೆಳಗಿಟ್ಟು, "ಆಯ್ತಲ್ಲ, ತೊಳೆದಾಯ್ತು" ಎಂದು ಗೊಣಗಿ ಹೊರಟುಬಿಟ್ಟಳು. ಬೀಗಿತ್ತಿ ಒಮ್ಮೆ ಅವಳನ್ನು ನೋಡಿದಳು. ಆ ನೋಟ ಬೆನ್ನಿಗೆ ಅಂಟಿಕೊಂಡ ಹಾಗೆ ಅವಳು ದಿಬ್ಬ ಹತ್ತಿದಳು.

ಆ ಸಂಜೆ ಅವಳು ಪೈಪು ಮುಟ್ಟಲಿಲ್ಲ. ಗಂಡ, "ಏನೇ, ಮೈ ಸರಿ ಇಲ್ವಾ?" ಎಂದ. ಅವಳು ಮೂಲೆಯಲ್ಲಿ ತುಕ್ಕು ಹಿಡಿದಿದ್ದ ಸಲಿಕೆ ತೆಗೆದು ಸಗಣಿ ಬಾಚತೊಡಗಿದಳು. ತನ್ನ ಮೋರಿಯ ಬಾಯಿಗೆ ಕಲ್ಲು ಮಣ್ಣು ತುಂಬಿದಳು. ಆದರೆ ಹಾಳುಬಾವಿಯ ಹತ್ತಿರ ನಿಂತಾಗ ಒಳಗಿನಿಂದ ಸದ್ದು ಬರುತ್ತಲೇ ಇತ್ತು, ಉಳಿದವರ ಮೋರಿಗಳು ಸುರಿಯುವ ಸದ್ದು. ಪೈಪಿನಲ್ಲಿ ತೊಳೆಯುವುದನ್ನು ಇಡೀ ಸಾಲಿಗೆ ಕಲಿಸಿದವಳೂ ಅವಳೇ ಅಲ್ಲವೇ? ಊರಿಗೆ ಉಪಕಾರ ಮಾಡಲು ಹೋದವಳು ಮನೆಗೇ ಮಾರಿಯಾಗಿದ್ದಳು.

ಬಾಯಿಬಿಟ್ಟು ಹೇಳದೆ ಕೆಲಸ ಸಾಧಿಸಿಕೊಳ್ಳಬಹುದೇ ಎಂದು ಅವಳು ನೋಡಿದಳು; ತಪ್ಪು ಮಾಡಿದವರು ಎಲ್ಲರೂ ಮೊದಲು ನೋಡುವುದು ಅದನ್ನೇ. ಸಾಲಿನ ಕೊನೆಯ ಕೊಟ್ಟಿಗೆಯ ಮುದುಕನ ಹತ್ತಿರ ಹೋಗಿ, "ತಾತಾ, ಬಾವಿ ಗೋಡೆ ಸಡಿಲ ಆಗಿದೆ, ಕುಸಿದುಹೋಗುತ್ತೆ. ಇನ್ನು ಮೇಲೆ ಯಾರೂ ಕೊಳೆನೀರು ಬಿಡೋದು ಬೇಡ" ಎಂದಳು.

ಮುದುಕ ಬೊಚ್ಚುಬಾಯಿ ತೆರೆದು ನಕ್ಕ. "ಕುಸಿದ್ರೆ ಇನ್ನೂ ಒಳ್ಳೇದಾಯ್ತಲ್ಲಮ್ಮಾ, ಬಕಾಸುರನಿಗೆ ಹೊಟ್ಟೆ ಇನ್ನೂ ದೊಡ್ಡದಾಗುತ್ತೆ. ನೀನೇ ಹಾಕ್ಕೊಟ್ಟ ದಾರಿ, ನೀನೇ ಮುಚ್ತೀನಿ ಅಂದ್ರೆ ಹ್ಯಾಗೆ? ಏನಾಯ್ತು, ನಿಜ ಹೇಳು."

ನಿಜ ಹೇಳು ಎಂದದ್ದು ಸುಮ್ಮನೆ ಬಾಯಿಮಾತಿಗೆ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಅವಳು ತನ್ನ ಬಟ್ಟೆ ಮೂಸಿ ನೋಡಿಕೊಂಡಳು. "ಏನಿಲ್ಲ ತಾತಾ" ಎಂದು ವಾಪಸು ಬಂದಳು. ಫಿನಾಯಿಲಿನ ಡಬ್ಬವನ್ನು ಅಟ್ಟಕ್ಕೆ ಹಾಕಿದಳು, ಬಟ್ಟೆಗಳನ್ನು ಎರಡೆರಡು ಸಲ ಒಗೆದಳು. ವಾಸನೆ ಮಾತ್ರ ಅವಳ ಮೂಗನ್ನು ಬಿಡಲಿಲ್ಲ.

ಮಗು ದಿಬ್ಬದ ಮೇಲೆ ಚೇತರಿಸಿಕೊಂಡಿತು. ಅಲ್ಲಿ ಕುಡಿಯಲು ಪಟ್ಟಣದ ನಲ್ಲಿಯ ನೀರು ಬರುತ್ತಿತ್ತು. ಇದನ್ನೂ ನೋಡಿ: ಕೊಳೆ ಬಿಟ್ಟವರ ಮನೆಗೆ ನಲ್ಲಿಯಿತ್ತು, ಕೊಳೆ ಇಳಿದ ಬೀದಿಗೆ ಅದೊಂದೇ ಬಾವಿ. ಮಗಳು ಗಂಡನ ಮನೆಗೆ ಹೊರಡುತ್ತೇನೆ ಎಂದಾಗಲೆಲ್ಲ ಕನ್ನಡಿಯಕ್ಕ ಒಂದಲ್ಲ ಒಂದು ನೆವ ತೆಗೆಯುತ್ತಿದ್ದಳು. ಇನ್ನೂ ಸುಸ್ತಿದೆ, ಇನ್ನೊಂದು ಸಲ ಡಾಕ್ಟರಮ್ಮನಿಗೆ ತೋರಿಸೋಣ, ಗಾಳಿ ಸರಿಯಿಲ್ಲ. ಕೊನೆಗೊಂದು ದಿನ ಮಗಳು ರೇಗಿದಳು.

"ಅಮ್ಮಾ, ನಿಂಗೇನಾಗಿದೆ? ಅತ್ತೆ ಇದ್ದಾರಲ್ಲ, ಅವರು ಮಗುಗೆ ಆ ಬಾವಿ ನೀರು ತೋರಿಸೋದೂ ಇಲ್ಲ. ದೊಡ್ಡ ರಸ್ತೆ ನಲ್ಲಿಯಿಂದ ತಾವೇ ಕ್ಯಾನಲ್ಲಿ ಹೊತ್ತು ತರ್ತಿದ್ದಾರೆ, ಆ ಮಂಡಿ ಇಟ್ಕೊಂಡು. ತೊಳೆದ ದಿನದಿಂದ ಒಂದು ತೊಟ್ಟು ಮುಟ್ಟಿಲ್ಲ."

ಕನ್ನಡಿಯಕ್ಕ ತಟ್ಟನೆ ಕೇಳಿದಳು: "ತೊಳೆದಾಯ್ತಲ್ಲ. ಯಾಕೆ ಮುಟ್ಟಲ್ಲ?"

"ನಂಗೇನು ಗೊತ್ತು? ಈ ನೀರು ಬೇಡ ಅಂತಾರೆ, ಯಾಕೆ ಅಂದ್ರೆ ಹೇಳಲ್ಲ. ಪಕ್ಕದ್ಮನೆಯವಳಿಗೂ ಬೇಡ ಅಂದ್ರಂತೆ. ಅವಳು ಏಳು ತಿಂಗಳ ಬಸುರಿ, ಪಾಪ. ಅವಳು ಕೇಳ್ತಾಳಾ? 'ಕನ್ನಡಿಯಕ್ಕನೇ ಮುಂದೆ ನಿಂತು ತೊಳೆಸಿದ್ದಾರೆ, ಶುಚಿ ಅಂದ್ರೆ ಏನು ಅಂತ ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ' ಅಂತ ಅತ್ತೆ ಮುಖಕ್ಕೇ ಅಂದ್ಳಂತೆ. ಈಗ ಬೀದಿಯವರಿಗೆಲ್ಲ ಅದೇ ನೀರೇ. ನಿನ್ನ ಹೊಗಳಿ ಹೊಗಳಿ ಕುಡೀತಿದ್ದಾರೆ."

ಕನ್ನಡಿಯಕ್ಕ ನೆಲದ ಮೇಲೆ ಕೂತುಬಿಟ್ಟಳು. ಅವಳು ಮಾಡಿದ್ದು ಒಂದು ತಪ್ಪಲ್ಲ, ಸಾಲು ತಪ್ಪು. ಮೊದಲನೆಯದನ್ನು ತಿಳಿಯದೆ ಮಾಡಿದ್ದಳು, ಅದಕ್ಕೆ ಕ್ಷಮೆಯಿದ್ದೀತು. ಆದರೆ ಆಸ್ಪತ್ರೆಯಲ್ಲಿ ಹೊಲಸಿನವಳು ಎಂದು ಕೂಗಿ ಬೀಗಿತ್ತಿಯ ಮಾತಿಗೆ ಬೆಲೆಯಿಲ್ಲದ ಹಾಗೆ ಮಾಡಿದವಳು ಅವಳು. ಬಾವಿಯ ಬಳಿ ಬಾಯಿ ಮುಚ್ಚಿಕೊಂಡವಳೂ ಅವಳು. ನಿಜ ಹೇಳಿದವಳನ್ನು ಯಾರೂ ನಂಬುತ್ತಿಲ್ಲ, ನಿಜ ನುಂಗಿದವಳ ಹೆಸರು ಹೇಳಿಕೊಂಡು ಜನ ವಿಷ ಕುಡಿಯುತ್ತಿದ್ದಾರೆ. ಇನ್ನು ಎರಡು ತಿಂಗಳಿಗೆ ಆ ಬೀದಿಯಲ್ಲಿ ಇನ್ನೊಂದು ಮಗು ಹುಟ್ಟುತ್ತದೆ. ಆ ಮಗುವಿನ ತುಟಿಯ ಬಣ್ಣ ಅವಳಿಗೆ ಈಗಲೇ ಕಾಣುತ್ತಿತ್ತು. ಅವಳು ಹೇಳಿದರೆ ಮಾತ್ರ ಜನ ನಂಬುವುದು. ಅವಳು ಹೇಳಬೇಕಾದದ್ದೋ, ಇನ್ನು ಮುಂದೆ ಅವಳನ್ನು ಯಾರೂ ನಂಬದ ಹಾಗೆ ಮಾಡುವ ಮಾತು.

ಮರುದಿನ ಬೆಳಿಗ್ಗೆ ನೀರು ಸೇದುವ ಹೊತ್ತಿಗೆ ಅವಳು ತಗ್ಗಿನ ಬೀದಿಗೆ ಇಳಿದಳು. ಬಾವಿಯ ಸುತ್ತ ಹೆಂಗಸರಿದ್ದರು. ಪಕ್ಕದ ಮನೆಯ ಬಸುರಿ ಆಗಷ್ಟೇ ಕೊಡ ತುಂಬಿದ್ದಳು. "ಬನ್ನಿ ಅಕ್ಕಾ, ಬಾವಿ ನೋಡೋಕೆ ಬಂದ್ರಾ? ನೀರು ಹೇಗೆ ತಿಳಿಯಾಗಿದೆ ನೋಡಿ, ನಿಮ್ಮ ಪುಣ್ಯ" ಎಂದಳು. ಆಡು ಕಟ್ಟುತ್ತಿದ್ದ ಗೂಟ ಬರಿದಾಗಿ ನಿಂತಿತ್ತು.

ಕನ್ನಡಿಯಕ್ಕ ಏನೇನೋ ಜೋಡಿಸಿಕೊಂಡು ಬಂದಿದ್ದಳು. ಒಂದೂ ನೆನಪಾಗಲಿಲ್ಲ. "ಕುಡೀಬೇಡಿ" ಎಂದಳು. "ಆ ನೀರು ಚೆಲ್ಲಿಬಿಡಮ್ಮಾ."

"ಯಾಕಕ್ಕಾ?"

"ಅದು ನನ್ನ ಕೊಟ್ಟಿಗೆ ನೀರು." ಉಳಿದದ್ದನ್ನು ತಲೆ ತಗ್ಗಿಸಿಯೇ ಹೇಳಿದಳು. "ಮೇಲೆ ನನ್ನ ಮನೆ ಹಿಂದೆ ಒಂದು ಹಾಳುಬಾವಿ ಇದೆ. ನಮ್ಮ ಸಾಲಿನ ಸಗಣಿ ಗಂಜಲ ಎಲ್ಲ ಅದಕ್ಕೇ ಬಿಡ್ತೀವಿ, ದಾರಿ ಹಾಕ್ಕೊಟ್ಟಿದ್ದು ನಾನೇ. ಅದು ಬಂಡೆ ಬಿರುಕಲ್ಲಿ ಇಳಿದು ಇಲ್ಲಿಗೆ ಬರ್ತಿದೆ. ಆವತ್ತು ಬಂದಿದ್ದು ಸೋಪಿನ ವಾಸನೆ ಅಲ್ಲ, ನನ್ನ ಫಿನಾಯಿಲಿಂದು. ನನಗೆ ಆವತ್ತೇ ಗೊತ್ತಾಯ್ತು. ಬಾಯಿ ಬಿಡಲಿಲ್ಲ. ಆಡಿಂದೂ ತಪ್ಪಿಲ್ಲ, ಗೋಣಿದೂ ತಪ್ಪಿಲ್ಲ. ಆಸ್ಪತ್ರೆಯಲ್ಲಿ ನಾನು ಹಾಲು ನಂದು, ನೀರು ನಿಮ್ದು ಅಂತ ಕೂಗಾಡಿದೆ. ಹಾಲೂ ನಂದೇ, ನೀರೂ ನಂದೇ."

ಹೆಂಗಸರು ಬೈದಿದ್ದರೆ ಚೆನ್ನಾಗಿತ್ತು. ಬಸುರಿ ಹೆಂಗಸು ಕೊಡವನ್ನು ಬಗ್ಗಿಸಿದಳು. ನೀರು ಅಂಗಳದಲ್ಲಿ ಹರಿದು ಕನ್ನಡಿಯಕ್ಕನ ಕಾಲು ನೆನೆಸಿತು. ಅವಳು ಕಾಲು ತೆಗೆಯಲಿಲ್ಲ. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಆ ನೆಲಕ್ಕೆ ಇಷ್ಟು ವರ್ಷ ನುಂಗಿಸಿದ್ದು ಸಾಲದೇ?

ಅಷ್ಟರಲ್ಲಿ ಬೀಗಿತ್ತಿ ದೊಡ್ಡ ರಸ್ತೆಯ ಕಡೆಯಿಂದ ಬಂದಳು. ಎರಡು ಕೈಯಲ್ಲಿ ಎರಡು ಕ್ಯಾನು, ಒಂದೊಂದು ಹೆಜ್ಜೆಗೂ ಮುಖ ಕಿವುಚುತ್ತಿತ್ತು. ಕೊನೆಯ ಮಾತುಗಳು ಅವಳ ಕಿವಿಗೆ ಬಿದ್ದಿದ್ದವು. ಕ್ಯಾನುಗಳನ್ನು ಜಗಲಿಯ ಮೇಲಿಟ್ಟು ಉಸಿರು ತೆಗೆದುಕೊಂಡಳು.

"ನನಗೆ ಗೊತ್ತಿತ್ತು ಅಕ್ಕಾ" ಎಂದಳು.

ಕನ್ನಡಿಯಕ್ಕ ತಲೆಯೆತ್ತಿದಳು.

"ನೀವು ನಮ್ಮನೆಗೆ ಬಂದು ಹೋದ್ಮೇಲೆ ಸಂಜೆವರೆಗೂ ಮನೇಲಿ ಅದೇ ವಾಸನೆ ಇರ್ತಿತ್ತಲ್ಲ. ಬಕೆಟ್ಟು ಮೇಲೆ ಬಂದಾಗ್ಲೇ ತಿಳೀತು."

"ಮತ್ತೆ ಯಾಕೆ ಹೇಳ್ಲಿಲ್ಲ? ಜನ ನಿಮ್ಮನ್ನ ಹಾಗೆ ನೋಡ್ತಿದ್ರೂ…"

"ಹೇಳಿದ್ರೆ ಯಾರು ನಂಬ್ತಿದ್ರು? ಆಸ್ಪತ್ರೆಯಲ್ಲಿ ಅಂದಿದ್ದಕ್ಕೆ ಸೇಡು ತೀರಿಸ್ಕೋತಿದ್ದಾಳೆ ಅಂತಿದ್ರು. ಸೊಸೆ ಯಾರ ಕಡೆ ನಿಲ್ಬೇಕು, ಪಾಪ? ನಿಮ್ಮ ಬಾಯಿಂದಲೇ ಬರ್ಲಿ ಅಂತ ಕಾಯ್ತಿದ್ದೆ." ಅಷ್ಟು ಹೇಳಿ ಅವಳು ಒಳಗೆ ಹೋದಳು. ಆ ಹಳೆಯ ಸ್ಟೂಲನ್ನು ಹೊರಗೆ ತಂದು ಜಗಲಿಯ ಮೇಲಿಟ್ಟಳು. ಆಮೇಲೆ ಉಟ್ಟ ಬಟ್ಟೆಯ ಅಂಚಿನಿಂದ ಅದನ್ನು ನಿಧಾನವಾಗಿ, ಮೂಲೆ ಮೂಲೆಯೂ ಬಿಡದ ಹಾಗೆ ಒರೆಸಿದಳು. "ಕೂತ್ಕೊಳ್ಳಿ" ಎಂದಳು. ಅದರಲ್ಲಿ ಚುಚ್ಚುಮಾತಿನ ದನಿ ಒಂದಿಷ್ಟೂ ಇರಲಿಲ್ಲ. ಇವರಿಗೆ ಹೀಗೆ ಒರೆಸಿದರೇನೇ ಸರಿ ಎಂದು ಅವಳು ನಿಜವಾಗಿಯೂ ತಿಳಿದಿದ್ದಳು.

ಕನ್ನಡಿಯಕ್ಕ ಹಿಡಿಯಷ್ಟಾದಳು. ಸ್ಟೂಲಿನ ಪಕ್ಕ, ಗೋಣಿಯ ನಾರು ಬಿದ್ದಿದ್ದ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡಳು.

ಆಮೇಲಿನದು ಹೆಚ್ಚಿಲ್ಲ. ತಗ್ಗಿನ ಬೀದಿಯವರು ದಿಬ್ಬ ಹತ್ತಿ ಬಂದರು. ಕೊಟ್ಟಿಗೆಯವರು ಮೊದಲು ಜಗಳಕ್ಕೆ ನಿಂತರು, ಕೊನೆಯ ಕೊಟ್ಟಿಗೆಯ ಮುದುಕನಿಗೆ ಬೇರೆ ಊರಿನ ಇಂಥದ್ದೇ ಒಂದು ತಗ್ಗಿನ ಬೀದಿಯಲ್ಲಿರುವ ತನ್ನ ಬಸುರಿ ಮೊಮ್ಮಗಳು ನೆನಪಾದ ಮೇಲೆ ಒಬ್ಬೊಬ್ಬರಾಗಿ ಮೋರಿ ಮುಚ್ಚಿದರು. ಮುಚ್ಚದವರೂ ಇಬ್ಬರಿದ್ದರು, ಅವರನ್ನು ದಾರಿಗೆ ತರಲು ಕನ್ನಡಿಯಕ್ಕ ಅವರ ಬಾಗಿಲಲ್ಲಿ ಎಷ್ಟೋ ದಿನ ನಿಂತು ಬೈಸಿಕೊಂಡಳು. "ಹಾಳು ಮಾಡಿದ್ದೂ ಇವಳೇ, ಈಗ ಉಪದೇಶ ಹೇಳೋದೂ ಇವಳೇ" ಎಂದದ್ದಕ್ಕೆ ಅವಳು ಹೌದು ಎಂದಳು. ಬಾವಿಯ ನೀರು ಸರಿಯಾಗಲು ಎಷ್ಟು ಕಾಲ ಬೇಕು ಎಂದು ಕೇಳಿದಾಗ ಡಾಕ್ಟರಮ್ಮ ತಲೆಯಾಡಿಸಿದರು. ಸುರಿದದ್ದು ಎಷ್ಟು ವರ್ಷವೋ ಅದಕ್ಕಿಂತ ಹೆಚ್ಚೇ ಬೇಕಾದೀತು ಎಂದರು.

ಈಗ ಅವಳ ಕೊಟ್ಟಿಗೆಯಲ್ಲಿ ಹಸುಗಳು ಕಡಿಮೆ. ನೆಲದಲ್ಲಿ ಯಾರ ಮುಖವೂ ಕಾಣುವುದಿಲ್ಲ. ಸಲಿಕೆಯಲ್ಲಿ ಸಗಣಿ ಬಾಚಿ, ಒಣಗಿಸಿ, ಗೋಣಿಗೆ ತುಂಬಿ ಹೊಲದವರಿಗೆ ಕೊಡುತ್ತಾಳೆ. ಗೋಣಿ ಹೊಲಿದು ಕೊಡುವವಳು ಬೀಗಿತ್ತಿ. ಬೀದಿಯವರು ಅವಳನ್ನು ಈಗಲೂ ಕನ್ನಡಿಯಕ್ಕ ಎಂದೇ ಕರೆಯುತ್ತಾರೆ, ಅಭ್ಯಾಸಬಲ. ಅದು ಕಿವಿಗೆ ಬಿದ್ದಾಗಲೆಲ್ಲ ಅವಳು ಸ್ವಲ್ಪ ಕುಗ್ಗುತ್ತಾಳೆ. ದಿನಾ ಬೆಳಿಗ್ಗೆ ಮೊಮ್ಮಗಳಿಗೆ ಹಾಲು ಕೊಂಡುಹೋಗುವಾಗ ಇನ್ನೊಂದು ಕೈಯಲ್ಲಿ ತನ್ನ ಮನೆಯ ನಲ್ಲಿಯ ನೀರಿನ ಕ್ಯಾನು ಇರುತ್ತದೆ. ಪಕ್ಕದ ಮನೆಯ ಎಳೆಮಗುವಿಗೂ ಅದರಲ್ಲೇ ಪಾಲು. ಬೀಗಿತ್ತಿ ಸ್ಟೂಲು ತಂದಿಡುತ್ತಾಳೆ. ಕನ್ನಡಿಯಕ್ಕ ಇದುವರೆಗೂ ಅದರ ಮೇಲೆ ಕೂತಿಲ್ಲ.